ಹಠಾತ್ತನೆ ಬಂದ ಧನವೂ ಮಕ್ಕಳ ವಿದ್ಯಾಭ್ಯಾಸವೂ

ಕಾಯಕದಿಂದ ದಿನದಿನಕ್ಕೆ ಕೂಡಿಬಂದ ಧನವು ಗೃಹಸ್ಥನಿಗೆ ತನ್ನ ಅಳತೆಯನ್ನು ತಾನೇ ಕಲಿಸಿಕೊಡುತ್ತದೆ. ಒಮ್ಮೆಗೇ ಬಂದ ಧನಕ್ಕೆ ಆ ಗುಣವಿಲ್ಲ. ಅದು ಮನೆಗೆ ಬಂದ ದಿನವೇ ಹತ್ತಾರು ಪ್ರಶ್ನೆಗಳನ್ನೂ ಸಂಗಡ ತರುತ್ತದೆ. ಮನೆಯನ್ನು ಕಟ್ಟಿಸಬೇಕೆ, ವಾಹನವನ್ನು ಕೊಳ್ಳಬೇಕೆ, ಸಾಲವನ್ನು ತೀರಿಸಬೇಕೆ ಎಂಬಿವುಗಳಲ್ಲಿ ತಪ್ಪು ನಡೆದರೂ ತಿದ್ದಿಕೊಳ್ಳಲು ಅವಕಾಶವುಂಟು. ಮಗುವನ್ನು ಈಗ ಓದುತ್ತಿರುವ ಶಾಲೆಯಿಂದ ಬಿಡಿಸಿ ಬೇರೆಡೆಗೆ ಸೇರಿಸಬೇಕೆ ಎಂಬ ಪ್ರಶ್ನೆ ಮಾತ್ರ ಅಂತಹುದಲ್ಲ. ಕಳೆದುಹೋದ ಮೂರು ನಾಲ್ಕು ವರ್ಷಗಳನ್ನು ಮಗುವಿಗೆ ಮರಳಿ ತಂದುಕೊಡಬಲ್ಲ ಧನವು ಯಾವ ಖಜಾನೆಯಲ್ಲಿಯೂ ಇಲ್ಲ. ಆದುದರಿಂದ ಈ ವಿಷಯವನ್ನು ಭಕ್ತಗೃಹಸ್ಥರು ನಿಧಾನವಾಗಿ ವಿಚಾರಿಸುವುದು ಯುಕ್ತ.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಈ ಪ್ರಶ್ನೆಯು ಹೊಸದಲ್ಲ. 1949ರಲ್ಲಿ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ರಾಜಾಜಿನಗರವು ಆರಂಭವಾದಂದಿನಿಂದ ಇಲ್ಲಿಯ ಊರುಗಳು ಒಂದೊಂದಾಗಿ ಬಡಾವಣೆಗಳಾಗುತ್ತ ಬಂದಿವೆ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಎಂಬ ಹೆಸರುಗಳು ಉಳಿದಿವೆ, ಹೊಲಗಳು ಉಳಿದಿಲ್ಲ. ಕಾಲಕ್ರಮದಲ್ಲಿ ಇದೇ ಪ್ರವಾಹವು ಕೆಂಗೇರಿಯ ಸುತ್ತಲೂ ಹಬ್ಬಿತು. ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2008ರಲ್ಲಿ ಪ್ರಾಥಮಿಕ ಅಧಿಸೂಚನೆಯನ್ನೂ 2010ರಲ್ಲಿ ಅಂತಿಮ ಅಧಿಸೂಚನೆಯನ್ನೂ ಹೊರಡಿಸಿತು. ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರ, ಭೀಮನಕುಪ್ಪೆ, ಚಲ್ಲಘಟ್ಟ ಮೊದಲಾದ 12 ಗ್ರಾಮಗಳಲ್ಲಿ 4 ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಇದರೊಳಗೆ ಬಂದಿತು. ಭೂಮಿಯನ್ನು ಬಿಟ್ಟುಕೊಟ್ಟವರಿಗೆ ನಗದು ಪರಿಹಾರಕ್ಕೆ ಬದಲಾಗಿ ಅಭಿವೃದ್ಧಿಪಡಿಸಿದ ನಿವೇಶನ ಭೂಮಿಯಲ್ಲಿ ಶೇಕಡ 40ರಷ್ಟನ್ನು ಕೊಡುವ ಏರ್ಪಾಡೂ ಆಯಿತು. 2021ರಲ್ಲಿ ಕೆಂಗೇರಿಗೂ 2023ರಲ್ಲಿ ಚಲ್ಲಘಟ್ಟಕ್ಕೂ ಮೆಟ್ರೋ ರೈಲು ಬಂದಿತು. ಹೀಗೆ, ರಾಗಿಯನ್ನೂ ತರಕಾರಿಯನ್ನೂ ಬೆಳೆದು ಮಾರುಕಟ್ಟೆಗೆ ಹೊತ್ತು ಜೀವಿಸುತ್ತಿದ್ದ ಮನೆಗಳಲ್ಲಿ ಕೆಲವು, ಒಂದು ನಿವೇಶನದ ಮಾರಾಟದಿಂದ, ತಮ್ಮ ಹಿರಿಯರು ಎಣಿಸಿಯೂ ನೋಡದಷ್ಟು ಹಣವನ್ನು ಕಂಡವು.

ಅಂತಹ ಮನೆಯಲ್ಲಿ ಒಬ್ಬ ಬಾಲಕನು ಊರಿನ ಸರ್ಕಾರಿ ಶಾಲೆಯ ಐದನೆಯ ತರಗತಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವನೆಂದು ಭಾವಿಸೋಣ. ಹಣ ಬಂದ ತಿಂಗಳೊಳಗಾಗಿ ಬಂಧುಗಳ ಪ್ರಶ್ನೆ ಆರಂಭವಾಗುತ್ತದೆ: "ಇನ್ನೂ ಅಲ್ಲಿಗೇ ಕಳಿಸುತ್ತೀರಾ ಅಣ್ಣ? ನಿಮಗೇನು ಕಡಿಮೆ?" ಈ ಮಾತಿನಲ್ಲಿ ಬಾಲಕನ ಓದಿನ ಸುದ್ದಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಕೇಳಿದವರು ತಂದೆಯ ಅಂತಸ್ತನ್ನು ಕುರಿತು ಕೇಳಿದರು. ಉತ್ತರವಾಗಿ ಸಮವಸ್ತ್ರವನ್ನು ಬದಲಾಯಿಸಿಕೊಳ್ಳಬೇಕಾದವನು ಮಗನು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ನೆನಪಿಗೆ ಬಾರದಿರದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯ ಲಕ್ಕಮ್ಮ ದಂಪತಿಗಳ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಸಿದಳು. ಈ ಕಥೆಯನ್ನು ಬಡತನದ ಸ್ತುತಿಯೆಂದು ಹೇಳಿ ಮುಗಿಸುವವರು ಉಂಟು, ಅದು ಸಾಲದು. ಲಕ್ಕಮ್ಮನಿಗೆ ಅಕ್ಕಿಯಲ್ಲಿ ದ್ವೇಷವಿರಲಿಲ್ಲ. ಅಕ್ಕಿಯಿಲ್ಲದೆ ದಾಸೋಹವು ನಡೆಯುವುದಾದರೂ ಹೇಗೆ? ಹೆಚ್ಚು ಬಂದಿದೆಯೆಂದು ಆಕೆ ನೋಡಿದೊಡನೆ ಅರಿತದ್ದು ಹೇಗೆಂಬುದೇ ಇಲ್ಲಿ ವಿಚಾರಣೀಯ. ಅಂದಿನ ಅಗತ್ಯವೆಷ್ಟೆಂಬ ಅಳತೆಯು ಅಕ್ಕಿ ಬರುವುದಕ್ಕೆ ಮುಂಚೆಯೇ ಆಕೆಯ ಮನಸ್ಸಿನಲ್ಲಿತ್ತು. ಅಳತೆಯಿಲ್ಲದ ಮನೆಯಲ್ಲಿ ಎಷ್ಟು ಬಂದರೂ ಹೆಚ್ಚೆಂಬುದು ತಿಳಿಯುವುದಿಲ್ಲ, ಕಡಿಮೆಯೆಂಬುದೂ ತಿಳಿಯುವುದಿಲ್ಲ.

ಮಗುವಿನ ಓದಿಗೂ ಇದನ್ನೇ ಅನ್ವಯಿಸಿಕೊಳ್ಳಬಹುದು. ಹಣ ಬರುವುದಕ್ಕೆ ಮುಂಚೆ ತಂದೆತಾಯಿಗಳು ಮಗುವಿಗಾಗಿ ಏನನ್ನು ಬಯಸಿ, ಕೈಲಾಗದೆ ಸುಮ್ಮನಿದ್ದರು? ಕಣ್ಣು ಮಂಜಾಗುತ್ತಿದೆಯೆಂದು ಉಪಾಧ್ಯಾಯರು ಹೇಳಿ ಕಳಿಸಿದ್ದರೂ ಕನ್ನಡಕವನ್ನು ಕೊಡಿಸಿರಲಿಲ್ಲ. ಗಣಿತದಲ್ಲಿ ಹಿಂದುಳಿದಿದ್ದಾನೆಂದು ಗೊತ್ತಿದ್ದರೂ ಹೇಳಿಕೊಡುವವರನ್ನು ಗೊತ್ತುಮಾಡಿರಲಿಲ್ಲ. ಒಂದೇ ಕೋಣೆಯ ಮನೆಯಲ್ಲಿ ದೂರದರ್ಶನದ ಎದುರಿಗೇ ಕುಳಿತು ಪಾಠ ಓದುತ್ತಿದ್ದನು. ಅಕ್ಕನು ಹತ್ತನೆಯ ತರಗತಿಯಲ್ಲಿ ಉತ್ತೀರ್ಣಳಾದರೂ ಕಾಲೇಜು ದೂರವೆಂದು ಮನೆಯಲ್ಲಿಯೇ ಉಳಿದಿದ್ದಳು. ಇವು ಬಡತನದಲ್ಲಿ ಕಂಡ ಕೊರತೆಗಳು. ಆದುದರಿಂದಲೇ ಇವು ನಿಜವಾದ ಕೊರತೆಗಳು. ಬಂದ ಧನವು ಮೊದಲು ಹೋಗಬೇಕಾದದ್ದು ಇಲ್ಲಿಗೆ. ಹಣ ಬಂದ ಮೇಲೆ ಹುಟ್ಟಿದ ಬಯಕೆಗಳನ್ನಾದರೋ ಒಂದೊಂದನ್ನೇ ಎದುರಿಗಿಟ್ಟುಕೊಂಡು ಪರೀಕ್ಷಿಸಬೇಕು. ಕುದುರೆ ಸವಾರಿಯನ್ನು ಕಲಿಸುವ ಶಾಲೆಯೆಂದು ಯಾರೂ ನಿನ್ನೆಯವರೆಗೆ ಈ ಮನೆಯಲ್ಲಿ ಮಾತನಾಡಿರಲಿಲ್ಲ!

ಶಾಲೆಯನ್ನು ಬದಲಾಯಿಸಲೇಬಾರದೆಂದು ಇದರ ಅರ್ಥವಲ್ಲ. ಈಗಿನ ಶಾಲೆಯಲ್ಲಿ ಉಪಾಧ್ಯಾಯರೇ ಸಾಲದಿದ್ದರೆ, ನಾಲ್ಕು ತರಗತಿಗಳನ್ನು ಒಬ್ಬರೇ ಕೂಡಿಸಿ ನಡೆಸುವಂತಿದ್ದರೆ, ಮಗುವು ಓದಲು ಬಾರದೆಯೇ ಮುಂದಿನ ತರಗತಿಗೆ ಹೋಗುತ್ತಿದ್ದರೆ, ಅದು ಹಣವಿಲ್ಲದಿದ್ದರೂ ಬಿಡಿಸತಕ್ಕ ಶಾಲೆ. ಅಂದರೆ, ಬದಲಾವಣೆಗೆ ಕೊಡುವ ಕಾರಣವು ಹಣ ಬಾರದಿದ್ದ ಪಕ್ಷದಲ್ಲಿಯೂ ನಿಲ್ಲುವಂತಹುದಾಗಿರಬೇಕು. ಧನವು ಅಡ್ಡಿಯನ್ನು ತೆಗೆಯಬಹುದೇ ಹೊರತು ಕಾರಣವನ್ನು ತಾನೇ ಒದಗಿಸಲಾರದು.

ಇನ್ನು ಈ ಧನವು ಯಾರದು? ತಂದೆಯು ಸಾಮಾನ್ಯವಾಗಿ "ನನ್ನ ಹಣ, ನನ್ನ ಮಗನಿಗೆ ಎಷ್ಟಾದರೂ ಖರ್ಚು ಮಾಡುತ್ತೇನೆ" ಎನ್ನುತ್ತಾನೆ. ಅಥವಾ "ಮಾಡುವುದಿಲ್ಲ" ಎನ್ನುತ್ತಾನೆ. ಎರಡು ಮಾತುಗಳಲ್ಲಿಯೂ ಒಂದೇ ದೋಷವಿದೆ. ಶರಣರಿಗಿಂತ ಅರ್ಧ ಶತಮಾನದಷ್ಟು ಹಿಂದೆ, ಅದೇ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಪುತ್ರನ ಹಕ್ಕು ತಂದೆಯ ಮರಣದಿಂದ ಬರುವುದಲ್ಲ, ತನ್ನ ಜನ್ಮದಿಂದಲೇ ಬರುವುದೆಂಬುದು ಅದರ ದಾಯವಿಭಾಗದ ಪ್ರಸಿದ್ಧವಾದ ಸಿದ್ಧಾಂತ. ಬಂಗಾಳದಲ್ಲಿ ಜೀಮೂತವಾಹನನ 'ದಾಯಭಾಗ'ವು ಬೇರೆ ಬಗೆಯಾಗಿ ಹೇಳಿತು; ಕನ್ನಡನಾಡು ವಿಜ್ಞಾನೇಶ್ವರನನ್ನೇ ಅನುಸರಿಸಿತು. ಆತನ ಮಾತು ಪುತ್ರನನ್ನು ಕುರಿತದ್ದು. ಪುತ್ರಿಗೂ ಅದೇ ಹಕ್ಕನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ ಕೊಟ್ಟಿತು, 2005ರಲ್ಲಿ ದೇಶವೆಲ್ಲಕ್ಕೂ ಕೇಂದ್ರ ಶಾಸನವಾಯಿತು, 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಹಕ್ಕು ಮಗಳಿಗೆ ಜನ್ಮದಿಂದಲೇ ಬರುವುದೆಂದು ಸ್ಪಷ್ಟಪಡಿಸಿತು. ಎಲ್ಲ ಜಮೀನೂ ಈ ಬಗೆಯದಲ್ಲ. ಸ್ವಯಾರ್ಜಿತಕ್ಕೆ ಬೇರೆ ನಿಯಮವಿದೆ, ವಿಭಾಗವಾಗಿ ಬಂದುದಕ್ಕೂ ಉಯಿಲಿನಿಂದ ಬಂದುದಕ್ಕೂ ವಿಚಾರಭೇದಗಳಿವೆ, ಅವನ್ನು ನ್ಯಾಯವಾದಿಗಳಿಂದ ತಿಳಿದುಕೊಳ್ಳಬೇಕು. ಆದರೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಹೊಲವು ಹೋಗಿ ಅದರ ಸ್ಥಾನದಲ್ಲಿ ಹಣ ಬಂದಿದ್ದರೆ, ಐದನೆಯ ತರಗತಿಯ ಆ ಬಾಲಕನೂ ಮನೆಯಲ್ಲಿ ಉಳಿದ ಆ ಅಕ್ಕನೂ ಅದರ ಪಾಲುದಾರರು. ತಂದೆಯು ಕರ್ತನು, ಎಂದರೆ ನಿರ್ವಾಹಕನು. ಇದನ್ನು ಒಪ್ಪಿಕೊಂಡರೆ ಪ್ರಶ್ನೆಯ ಮುಖವೇ ತಿರುಗುತ್ತದೆ. "ನನ್ನ ಹಣದಲ್ಲಿ ಮಗುವಿಗೆಷ್ಟು" ಎಂಬುದಲ್ಲ, "ಮಗುವಿನ ಹಣವನ್ನು ಮಗುವಿಗಾಗಿ ಹೇಗೆ ಕಾಯಬೇಕು" ಎಂಬುದು ಕೇಳಬೇಕಾದದ್ದು.

ಕಾಯುವುದೆಂದರೆ ಲೆಕ್ಕವನ್ನು ನೋಡುವುದು. ಹೊಲವು ವರ್ಷವರ್ಷಕ್ಕೆ ಬೆಳೆಯನ್ನು ಕೊಡುತ್ತಿತ್ತು. ಪರಿಹಾರವು ಒಂದೇ ಸಲ ಬರುವ ಬೆಳೆ. ಶಾಲೆಯ ಶುಲ್ಕವಾದರೋ ಪ್ರತಿವರ್ಷದ ಬೇಸಾಯದ ಖರ್ಚಿನಂತೆ ಮರಳಿ ಮರಳಿ ಬರುವುದು. ಉದಾಹರಣೆಗಾಗಿ ಒಂದು ಅಂಕಿಯನ್ನು ಕಲ್ಪಿಸಿಕೊಳ್ಳೋಣ. ಸಾಲ ತೀರಿ, ಮನೆ ಕಟ್ಟಿ, 50 ಲಕ್ಷ ರೂಪಾಯಿ ಉಳಿಯಿತು, ಶೇಕಡ 6.5ರ ಬಡ್ಡಿಗೆ ಠೇವಣಿಯಿಟ್ಟರೆ ವರ್ಷಕ್ಕೆ 3,25,000 ರೂಪಾಯಿ. ಇಬ್ಬರು ಮಕ್ಕಳಿಗೆ ತಲಾ 1,20,000 ರೂಪಾಯಿನ ಶುಲ್ಕ, ಬಸ್ಸು ಪುಸ್ತಕ ಸಮವಸ್ತ್ರಗಳಿಗೆ ತಲಾ 30,000. ಒಟ್ಟು 3 ಲಕ್ಷ. ಹೊಲದ ರಾಗಿಯೂ ಇಲ್ಲದ ಮನೆಗೆ ವರ್ಷಕ್ಕೆ ಉಳಿದದ್ದು 25,000. ಶುಲ್ಕವು ವರ್ಷಕ್ಕೆ ನೂರಕ್ಕೆ ಹತ್ತರಂತೆ ಏರಿದರೆ ಏಳೆಂಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ, ಬಡ್ಡಿಯು ಏರುವುದಿಲ್ಲ. ಮೂರನೆಯ ತರಗತಿಯಲ್ಲಿ ಸೇರಿದ ಮಗುವು ಹತ್ತನೆಯದಕ್ಕೆ ಬರುವ ವೇಳೆಗೆ ಶುಲ್ಕವೊಂದೇ ಬಡ್ಡಿಯನ್ನು ಮೀರಿ ಅಸಲನ್ನು ತಿನ್ನತೊಡಗಿರುತ್ತದೆ. ಆಗ ಏನಾಗುವುದು? ಕಾಲೇಜಿನ ಹೊಸ್ತಿಲಲ್ಲಿ, ಹಣವು ನಿಜವಾಗಿ ಬೇಕಾದ ಸಮಯದಲ್ಲಿ, ಹಣವಿರುವುದಿಲ್ಲ. ಮನೆಯಲ್ಲಿ ಯಾರಾದರೂ ದುಡಿಯುತ್ತಿದ್ದರೆ ಈ ಲೆಕ್ಕವು ಬೇರೆಯಾಗುತ್ತದೆ, ನಿಜ. ಆದರೆ ಭೂಮಿ ಹೋದ ಮೇಲೆ ಯಾವ ಕಾಯಕವೆಂಬುದನ್ನು ನಿಶ್ಚಯಿಸದೆಯೇ ಶಾಲೆಯನ್ನು ನಿಶ್ಚಯಿಸುವ ಮನೆಗಳು ಹಲವು. ದಾರಿ ಸರಳವಾಗಿದೆ: ಹತ್ತನೆಯ ತರಗತಿಯವರೆಗಿನ ಓದು ಬಡ್ಡಿಯಲ್ಲಿಯೋ ದುಡಿಮೆಯಲ್ಲಿಯೋ ನಡೆಯುವಂತಿರಲಿ, ಅಸಲು ಕಾಲೇಜಿಗೆ ಇರಲಿ. ಹೆಣ್ಣುಮಕ್ಕಳ ಭಾಗವನ್ನು ಅವರ ಹೆಸರಿನಲ್ಲಿಯೇ ಇಡುವುದು ಲೇಸು. ಮದುವೆಗೆಂದು ಬರೆದಿಟ್ಟ ಹಣವು ಓದಿಗೆ ಬಂದದ್ದು ಅಪೂರ್ವ.

ಈ ಸಂದರ್ಭದಲ್ಲಿ ಕೆಲವು ಶಾಲೆಗಳು ಕೇಳುವ ಡೊನೇಷನ್ನಿನ ವಿಷಯವನ್ನೂ ಹೇಳಬೇಕು. ಹೊಸದಾಗಿ ಹಣ ಕಂಡವನು ಕೇಳಿದ್ದನ್ನು ಕೊಡುವನೆಂಬುದು ಲೋಕಕ್ಕೆ ಗೊತ್ತು. 2010ರಲ್ಲಿ ಜಾರಿಗೆ ಬಂದ ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆಯು ನಿಗದಿತ ಶುಲ್ಕದ ಹೊರಗೆ ಇಂತಹ ವಂತಿಗೆಯನ್ನು ಪಡೆಯುವುದನ್ನು ನಿಷೇಧಿಸಿ, ಪಡೆದದ್ದರ ಹತ್ತರಷ್ಟರವರೆಗೆ ದಂಡವನ್ನು ವಿಧಿಸಿದೆ. ಕೊಡುವವನ ಔದಾರ್ಯವು ಅದನ್ನು ಧರ್ಮವಾಗಿಸದು.

ಮಾಧ್ಯಮದ ಪ್ರಶ್ನೆ ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಯ ಇಲ್ಲವೆ ಕನ್ನಡದ ಮಾಧ್ಯಮವೇ ಇರಬೇಕೆಂದು ರಾಜ್ಯ ಸರ್ಕಾರವು 1994ರಲ್ಲಿ ಹೊರಡಿಸಿದ್ದ ಆದೇಶವು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ನಿಲ್ಲಲಿಲ್ಲ. ಆಯ್ಕೆಯು ತಂದೆತಾಯಿಗಳದಾಯಿತು, ಆಯ್ಕೆಯೊಡನೆ ಹೊಣೆಯೂ ಅವರದಾಯಿತು. ಐದು ವರ್ಷ ಕನ್ನಡದಲ್ಲಿ ಆಲೋಚಿಸಿ ಕಲಿತ ಮಗುವನ್ನು ಒಮ್ಮೆಗೇ ಇಂಗ್ಲಿಷಿನ ತರಗತಿಯಲ್ಲಿ ಕೂಡಿಸಿದರೆ, ಅದು ಗಣಿತವನ್ನು ಬಲ್ಲುದಾದರೂ ಪ್ರಶ್ನೆಯನ್ನು ತಿಳಿಯದೆ ಕುಳಿತಿರುತ್ತದೆ. ನಿನ್ನೆ ಕೈಯೆತ್ತಿ ಉತ್ತರ ಹೇಳುತ್ತಿದ್ದ ಮಗು ಇಂದು ಹಿಂದಿನ ಬೆಂಚಿನಲ್ಲಿ ಮೌನಿ. ಮನೆಯವರು ಅದನ್ನು ವಿನಯವೆಂದು ಭಾವಿಸಿಕೊಳ್ಳುತ್ತಾರೆ, ವರ್ಷಾಂತ್ಯದ ಅಂಕಪಟ್ಟಿ ಬರುವವರೆಗೆ! ಇಂಗ್ಲಿಷ್ ಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಭಾಷೆಯಾಗಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಬೇರೆ, ಎಲ್ಲ ವಿಷಯಗಳನ್ನೂ ಅದರಲ್ಲಿ ಮುಳುಗಿಸುವುದು ಬೇರೆ. ಒಬ್ಬ ಒಳ್ಳೆಯ ಉಪಾಧ್ಯಾಯರಿಂದ ದಿನಕ್ಕೆ ಒಂದು ಗಂಟೆಯಂತೆ ಎರಡು ವರ್ಷ ಇಂಗ್ಲಿಷ್ ಹೇಳಿಸಿ, ಆಮೇಲೆ ಎಂಟನೆಯ ತರಗತಿಯಲ್ಲಿ ಪ್ರೌಢಶಾಲೆಯನ್ನು ಸೇರುವಾಗ ಬದಲಾಯಿಸಿದರೆ, ಮಗುವು ಹೇಗೂ ಶಾಲೆ ಬದಲಾಯಿಸಬೇಕಾದ ಸಮಯವೇ ಅದಾಗಿರುತ್ತದೆ.

ಇಷ್ಟನ್ನು ಓದಿ, "ಹಾಗಾದರೆ ಇದ್ದಂತೆಯೇ ಇರಲಿ" ಎಂದು ನೆಮ್ಮದಿಪಡುವ ಇನ್ನೊಂದು ಬಗೆಯ ಗೃಹಸ್ಥನೂ ಇದ್ದಾನೆ. ಮೂರಂತಸ್ತಿನ ಬಾಡಿಗೆ ಮನೆಯನ್ನು ಕಟ್ಟಿಸಿ, ಬಾಗಿಲಲ್ಲಿ ಎರಡು ಕಾರು ನಿಲ್ಲಿಸಿ, ಮಗಳ ಕಾಲೇಜಿನ ಮಾತು ಬಂದಾಗ ಮಾತ್ರ ಸರಳಜೀವನದ ಉಪದೇಶವನ್ನು ಮಾಡುವವನು. ಲಕ್ಕಮ್ಮನ ಹೆಸರನ್ನು ಅವನು ತೆಗೆಯದಿರುವುದೇ ಉತ್ತಮ. ಆಕೆ ಹೆಚ್ಚಿನದನ್ನು ಹಿಂದಕ್ಕೆ ಕಳಿಸಿದಳೇ ಹೊರತು ದಾಸೋಹಕ್ಕೆ ಬೇಕಾದ ಅಕ್ಕಿಯಲ್ಲಿ ಒಂದು ಹಿಡಿಯನ್ನೂ ಕಡಿಮೆ ಮಾಡಲಿಲ್ಲ.

ಅಳತೆಯನ್ನು ಮೀರಿ ಬಂದುದನ್ನು ವಿದ್ಯೆಗೇ ವಿನಿಯೋಗಿಸಿದ ಮಹನೀಯರು ಈ ನಾಡಿನಲ್ಲಿ ಆಗಿಹೋಗಿದ್ದಾರೆ. ದತ್ತುಪುತ್ರನಾಗಿ ದೇಸಗತಿಯನ್ನು ಪಡೆದ ಸಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುಂಚೆ ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. ಬೆಂಗಳೂರು ರೈಲು ನಿಲ್ದಾಣದೆದುರಿನ ಗುಬ್ಬಿ ತೋಟದಪ್ಪನವರ ಧರ್ಮಛತ್ರವನ್ನು ಈ ಭಾಗದವರಿಗೆ ಪರಿಚಯಿಸಬೇಕಾಗಿಲ್ಲ. ಹಳ್ಳಿಯಿಂದ ಓದಲು ಬಂದ ಎಷ್ಟೋ ಮಕ್ಕಳಿಗೆ ಅವರ ಧರ್ಮವು ಆಸರೆಯಾಯಿತು. ಎಲ್ಲರಿಗೂ ಅಷ್ಟು ಸಾಧ್ಯವಲ್ಲ. ಆದರೆ ಊರಿನ ಶಾಲೆಯಿಂದ ತನ್ನ ಮಗುವನ್ನು ಬಿಡಿಸಿಕೊಂಡು ಹೋಗುವ ಗೃಹಸ್ಥನು ಹಿಂದೆ ಉಳಿಯುವ ಮಕ್ಕಳನ್ನು ಒಮ್ಮೆ ತಿರುಗಿ ನೋಡಬೇಕು. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಪೋಷಕರೇ ಅವುಗಳ ಬಲ. ಊರಿನಲ್ಲಿ ಮಾತನಾಡಬಲ್ಲ ನಾಲ್ಕು ಮನೆಯವರು ಹೊರಟುಹೋದರೆ, ಶೌಚಾಲಯಕ್ಕೆ ನೀರಿಲ್ಲವೆಂದು ಕಚೇರಿಗೆ ಹೋಗಿ ಕೇಳುವವರು ಯಾರು? ಒಂದು ಮಗುವಿಗೆ ಕಟ್ಟುವ ವರ್ಷದ ಶುಲ್ಕದಲ್ಲಿ ಅರ್ಧವು ಆ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಒಬ್ಬರನ್ನು ಸಂಜೆಯ ವೇಳೆಗೆ ಗೊತ್ತುಮಾಡಲು ಸಾಕಾದೀತು. ಆಗ ತನ್ನ ಮಗುವೂ ಅಲ್ಲಿಯೇ ಕುಳಿತು ಕಲಿಯಬಹುದು.

ಕಡೆಗೆ, ಮಗುವನ್ನು ಕೇಳುವ ಮಾತು. ಹತ್ತು ಹನ್ನೆರಡು ವರ್ಷದ ಮಗುವಿಗೆ ಹೊಲ ಹೋದದ್ದು ಗೊತ್ತು, ಹಣ ಬಂದದ್ದು ಗೊತ್ತು. ತನ್ನನ್ನು ಯಾರೂ ಕೇಳಲಿಲ್ಲವೆಂಬುದೂ ಗೊತ್ತು. ಅದರ ಎದುರಿಗೆ ಕುಳಿತು, ಇಷ್ಟು ಬಂದಿದೆ, ಇದು ಅಜ್ಜನ ಹೊಲದ ಬದಲಿಗೆ ಬಂದದ್ದು, ಇದರಲ್ಲಿ ನಿನ್ನ ಓದಿಗೆ ಇಷ್ಟು ಎಂದು ತಿಳಿಸಬೇಕು. ಹೊಸ ಶಾಲೆಗೆ ಒಂದು ದಿನ ಕರೆದುಕೊಂಡು ಹೋಗಿ ತರಗತಿಯಲ್ಲಿ ಕೂಡಿಸಿ ನೋಡಬೇಕು. ಹಳೆಯ ಶಾಲೆಯ ಉಪಾಧ್ಯಾಯರನ್ನೂ ವಿಚಾರಿಸಬೇಕು. ಮಗುವು ಎಲ್ಲಿ ಗಟ್ಟಿ, ಎಲ್ಲಿ ಕುಂಟುತ್ತದೆಂಬುದು ಹಲವು ವೇಳೆ ತಂದೆಗಿಂತ ಅವರಿಗೆ ಹೆಚ್ಚು ಗೊತ್ತಿರುತ್ತದೆ. ಮಗುವು ಬೇಡವೆಂದರೆ ಅದರ ಕಾರಣವನ್ನು ಕೇಳಬೇಕು. ಗೆಳೆಯರನ್ನು ಬಿಟ್ಟುಹೋಗುವ ದುಃಖವಾದರೆ ಅದು ಕೆಲವು ತಿಂಗಳುಗಳಲ್ಲಿ ಶಮನವಾದೀತು. ಪಾಠ ತಿಳಿಯದೆಂಬ ಭಯವಾದರೆ ಮುಂದಿನ ಜೂನ್‌ವರೆಗೆ ತಡೆದು, ಆ ನಡುವೆ ಮನೆಯಲ್ಲಿ ಪಾಠ ಹೇಳಿಸಿ ಸಿದ್ಧಪಡಿಸಬಹುದು.