ಹೊಳೆ ಏರುವ ಮೊದಲೇ ನಿರ್ಧರಿಸಿ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪೇಟೆಯೊಳಗೆ ನುಗ್ಗಿ, ಲೋಳಸೂರ ಸೇತುವೆ ಮುಳುಗಿದಾಗ ಹೊಳೆದಂಡೆಯವರ ಮುಂದಿದ್ದದ್ದು ಒಂದೇ ಪ್ರಶ್ನೆ: ಈಗಲೇ ಹೊರಡೋಣವೋ, ಇನ್ನೊಂದು ತಾಸು ನೋಡೋಣವೋ? ಅಂಥ ಹೊತ್ತಿನಲ್ಲಿ ‘ಇಷ್ಟು ವರ್ಷದಾಗ ನೀರು ಇಲ್ಲೀತನಕ ಬಂದೇ ಇಲ್ಲ’ ಎನ್ನುವ ಮಾತು ಧೈರ್ಯ ಕೊಡುತ್ತದೆ. ಆ ಧೈರ್ಯವನ್ನು ನಂಬಬೇಡಿ.

ಅನುಭವ ಬೇಡವೆಂದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರನ್ನು ಅಭ್ಯಸಿಸಿ ಕಂಡದ್ದಿದು: ನುರಿತವರು ಹತ್ತು ದಾರಿ ತೂಗುತ್ತ ಕೂರುವುದಿಲ್ಲ, ಕಂಡ ಗುರುತು ಹಿಡಿದು, ಮೊದಲು ಹೊಳೆದ ದಾರಿಯನ್ನು ಮನಸ್ಸಿನಲ್ಲೇ ನಡೆಸಿ ನೋಡುತ್ತಾರೆ. ಆದರೆ ಗುರುತುಗಳು ಪೂರ್ತಿ ಇರಬೇಕಲ್ಲ! ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಹೊರಹರಿವೊಂದನ್ನೇ ನೋಡಿದರೆ ಸಾಲದು. ಅದರ ಕೆಳಗೆ ಘಟಪ್ರಭೆಗೆ ಹಿರಣ್ಯಕೇಶಿ ಸೇರುತ್ತದೆ, ಗೋಕಾಕದ ಹತ್ತಿರ ಮಾರ್ಕಂಡೇಯ. ಮೂರೂ ಕೂಡಿದ ನೀರು ಮುಂದೆ ಮೂಡಲಗಿ ತಾಲ್ಲೂಕಿನ ಹಳ್ಳಿಗಳತ್ತ ಹರಿಯುತ್ತದೆ.

ಹಾಗಾಗಿ ಬೇಸಿಗೆಯಲ್ಲೇ ಮನೆಮಂದಿ ಕೂತು ಮಾತಾಡಿ. ನೀರು ಯಾವ ಮೆಟ್ಟಿಲು ಮುಟ್ಟಿದರೆ ಹೊರಡಬೇಕು, ಕಾಗದಪತ್ರ ಯಾರ ಕೈಲಿ, ಅಜ್ಜಿಯನ್ನು ಯಾರು ಕರೆದೊಯ್ಯಬೇಕು, ದನಗಳನ್ನು ಎಲ್ಲಿ ಕಟ್ಟಬೇಕು. (ದನದ ಮಾತು ಬಗೆಹರಿಯದೆ ಯಜಮಾನರು ಮನೆ ಬಿಡುವವರಲ್ಲ.) ಒಮ್ಮೆ ಗೆರೆ ಹಾಕಿದ ಮೇಲೆ, ನಡುರಾತ್ರಿ ಅದನ್ನು ಚರ್ಚೆಗೆ ತರಬೇಡಿ, ಗಾಬರಿಯಾದ ತಲೆ ತನಗೆ ಬೇಕಾದ ಕಾರಣವನ್ನೇ ಹುಡುಕುತ್ತದೆ.

ಮಳೆಗಾಲ ಮುಗಿದ ಮೇಲೆ ಏನು ಊಹಿಸಿದ್ದಿರಿ, ಏನಾಯಿತು ಎಂದು ವಹಿಯಲ್ಲಿ ಬರೆದಿಡಿ, ತಪ್ಪಿದ ಊಹೆಗಳನ್ನೂ ಸೇರಿಸಿ. ಮುಂದಿನ ಜೂನ್‌ಗೆ ಮುಂಚೆ ಅದನ್ನು ಮನೆಯ ಹುಡುಗರಿಂದ ಗಟ್ಟಿಯಾಗಿ ಓದಿಸಿ.