ಅಪ್ಪನ ಸೊಂಟಕ್ಕೆ ಹೊಂದಿದ ಗಾಡಿ

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ಗಾಡಿ ಕೊಳ್ಳುವಾಗ ಸೀಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ಬಾಗಿಲು ಎಷ್ಟು ಅಗಲ ತೆರೆಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಕಂಪನಿ, ಬಣ್ಣ, ಮುಂದಿನ ಲಾಂಛನ ಎಲ್ಲ ಆಮೇಲೆ. ಇದನ್ನು ನಮ್ಮ ಭಾವನಿಗೆ ಇವತ್ತಿಗೂ ಒಪ್ಪಿಸಲು ಆಗಿಲ್ಲ. ಅವರ ಲೆಕ್ಕದಲ್ಲಿ ನಾನು ಬಾಗಿಲಿಗೆ ಬಂದ ಜರ್ಮನ್ ಸೆಡಾನನ್ನು ಬೇಡವೆಂದು ಈಕೋ ವ್ಯಾನು ಕೊಂಡು ಮನೆತನದ ಮಾನ ಕಳೆದವಳು. ಮೊನ್ನೆ ನೆಂಟರ ಗೃಹಪ್ರವೇಶದಲ್ಲೂ ಎಲ್ಲರೆದುರು ಅದನ್ನೇ ಆಡಿದರು. ಆದ್ದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಕಾಫಿ ಕಣದ ಪಾಚಿಯ ಮೇಲೆ ಅಪ್ಪ ಜಾರಿ ಬಿದ್ದರು. ತೊಡೆಮೂಳೆಯ ಕುತ್ತಿಗೆ ಮುರಿದಿತ್ತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಸೊಂಟದ ಕೀಲು ಬದಲಿಸಿದರು. ಮನೆಗೆ ಕಳಿಸುವ ಮುಂಚೆ ಫಿಸಿಯೋಥೆರಪಿಯ ಹುಡುಗಿ ಅಪ್ಪನ ಪಕ್ಕದಲ್ಲಿ ಕೂತು ಒಂದೊಂದೇ ಹೇಳಿದಳು: ಸೊಂಟ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆಪರೇಷನ್ ಆದ ಕಾಲನ್ನು ಒಳಗಡೆ ತಿರುಗಿಸಬಾರದು, ತಗ್ಗಿನ ಆಸನದಲ್ಲಿ ಕೂರಲೇಬಾರದು. ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಹೊಸ ಕೀಲು ಗುಳಿಯಿಂದ ಹೊರಬರಬಹುದು. 6ರಿಂದ 12 ವಾರ ಈ ಪಥ್ಯ. ನಾನು ಎಲ್ಲ ಬರೆದುಕೊಂಡೆ. ಭಾವ ಫೋನಿನಲ್ಲಿದ್ದರು.

ಪುಣೆಯಿಂದ ಅಕ್ಕನ ಜೊತೆ ಬಂದಿದ್ದ ಭಾವ ತಮ್ಮ ಸೆಡಾನಿನಲ್ಲೇ ಮಾವನನ್ನು ಕರೆದೊಯ್ಯಬೇಕೆಂದು ಹಟ ಹಿಡಿದರು. ನಾನು ಬಾಡಿಗೆಗೆ ಎತ್ತರದ ಗಾಡಿ ಹೇಳಿಟ್ಟಿದ್ದೆ. "ಆ ಡಬ್ಬದಲ್ಲಿ ಕುಲುಕಿಸಿಕೊಂಡು ಹೋಗ್ಬೇಕಾ ಮಾರಾಯ್ತಿ? ನನ್ನ ಗಾಡೀಲಿ ನೀರು ತುಂಬಿದ ಲೋಟ ಇಟ್ರೂ ಚೆಲ್ಲಲ್ಲ" ಅಂದರು. ಅಕ್ಕನ ಮುಖ ನೋಡಿ ಬಾಡಿಗೆಯವನಿಗೆ ಬೇಡವೆಂದು ಹೇಳಿದೆ. ಬೆಳಿಗ್ಗೆಯೇ ಡಿಸ್ಚಾರ್ಜ್ ಅಂದವರು ವಿಮೆಯ ಒಂದು ಸಹಿಗಾಗಿ ಸಂಜೆಯವರೆಗೆ ಕೂರಿಸಿದರು. ಬಿಲ್ಲಿನ ಕೌಂಟರಿನಲ್ಲಿದ್ದವರು ಕೇಳಿದಾಗಲೆಲ್ಲ "ಇನ್ನರ್ಧ ಗಂಟೆ" ಅನ್ನುತ್ತಿದ್ದರು. ಘಾಟಿಯನ್ನು ಬೆಳಕಿನಲ್ಲಿ ಹತ್ತಿದ್ದರೆ ಮುಂದಿನದರಲ್ಲಿ ಅರ್ಧ ತಪ್ಪುತ್ತಿತ್ತು ಎಂದು ಈಗಲೂ ನಂಬಿದ್ದೇನೆ.

ಆಸ್ಪತ್ರೆಯ ಪೋರ್ಟಿಕೋದಲ್ಲೇ ಕಷ್ಟ ಶುರುವಾಯಿತು. ಸೆಡಾನಿನ ಮುಂದಿನ ಸೀಟು ತಗ್ಗಿನಲ್ಲಿತ್ತು, ಜೊತೆಗೆ ಅದರ ಎರಡೂ ಅಂಚು ಉಬ್ಬಿ ಮಧ್ಯ ಹಳ್ಳವಾಗಿತ್ತು. ತಿರುವಿನಲ್ಲಿ ಮೈ ವಾಲದಿರಲಿ ಎಂದು ಹಾಗೆ ಮಾಡಿರುತ್ತಾರೆ. ಸೊಂಟ ನೋಯುವವರಿಗೆ ಆ ಉಬ್ಬನ್ನು ದಾಟುವುದೇ ಶಿಕ್ಷೆ. ಎರಡು ದಿಂಬು ಹಾಕಿ ಎತ್ತರಿಸಿದೆವು. ಆಗ ಅಪ್ಪನ ತಲೆ ಇಳಿಜಾರು ಚಾವಣಿಗೆ ತಾಗಿತು. ಒಂದು ದಿಂಬು ತೆಗೆದರೆ ಮಂಡಿ ಮೇಲೆ ಬಂತು. ಕೊನೆಗೆ ಸೀಟು ಹಿಂದಕ್ಕೆ ವಾಲಿಸಿ ಹೊರಟೆವು.

ಉಜಿರೆ ದಾಟುವಾಗ ಕತ್ತಲಾಯಿತು. ಚಾರ್ಮಾಡಿ ಬುಡದಲ್ಲಿ ಮಳೆ ಹಿಡಿಯಿತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದಂದಿನಿಂದ ಆ ರಸ್ತೆಯ ಮೇಲೆ ನನಗೆ ನಂಬಿಕೆಯಿಲ್ಲ. ಎಲ್ಲಿ ಕಲ್ಲು ಉರುಳಿ ಬಿದ್ದಿರುತ್ತದೋ ಗೊತ್ತಾಗುವುದಿಲ್ಲ. ಅಣ್ಣಪ್ಪನ ಗುಡಿಯಲ್ಲಿ ಕಾಣಿಕೆ ಹಾಕಿ ಮೇಲೆ ಹತ್ತುತ್ತಿದ್ದೆವು. ಒಂದು ತಿರುವಿನಲ್ಲಿ ಎದುರಿನ ಬಸ್ಸಿಗೆ ಜಾಗ ಬಿಡಲು ಎಡಕ್ಕೆ ಸರಿದಾಗ ದಡ್ ಎಂದಿತು. ಎಡಗಡೆಯ ಮುಂದಿನ ಟೈರಿನ ಮಗ್ಗುಲು ಸೀಳಿಹೋಗಿತ್ತು.

ಸ್ಟೆಪ್ನಿ ಇರಲಿಲ್ಲ. ಇಂಥ ಅನೇಕ ಗಾಡಿಗಳಿಗೆ ರನ್‌ಫ್ಲ್ಯಾಟ್ ಟೈರು ಹಾಕಿ ಕಳಿಸುತ್ತಾರೆ. ಗಾಳಿ ಹೋದರೂ ಸುಮಾರು 80 ಕಿಲೋಮೀಟರ್ ವೇಗದೊಳಗೆ 80 ಕಿಲೋಮೀಟರ್ ದೂರ ಓಡಿಸಬಹುದು ಅನ್ನುವುದು ಅದರ ಗುಣ. ಮೊಳೆ ಚುಚ್ಚಿದರೆ ಆ ಮಾತು ಸರಿ. ಮಗ್ಗುಲೇ ಹರಿದರೆ ಅದೂ ನಿಂತುಬಿಡುತ್ತದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಮಂಜು ಇಳಿದು ದೀಪದ ಬೆಳಕು ನಾಲ್ಕು ಮಾರಿಗೆ ಮುಗಿಯುತ್ತಿತ್ತು. ಹಿಂದಿನಿಂದ ಬರುವ ಗಾಡಿ ನಮ್ಮನ್ನು ಕಾಣುವಷ್ಟರಲ್ಲಿ ಮೇಲೆಯೇ ಬಂದಿರುತ್ತಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪ "ಮೂತ್ರಕ್ಕೆ ಹೋಗ್ಬೇಕು" ಅಂದರು. ಆಮೇಲೆ ಇನ್ನೊಮ್ಮೆ, ದನಿ ತಗ್ಗಿಸಿ. ಅವರ ಬಾಗಿಲು ತಡೆಗೋಡೆಗೆ ತಾಗಿ ಅರ್ಧವೂ ತೆರೆಯುತ್ತಿರಲಿಲ್ಲ. "ಗಾಡಿ ಎರಡಡಿ ಬಲಕ್ಕೆ ತಗೊಳ್ಳಿ ಭಾವ" ಅಂದೆ. "ರಿಮ್ ಹಾಳಾಗತ್ತೆ, ಅಲಾಯ್ ಅದು" ಅಂದರು. ಮತ್ತೆ ಹೇಳಿದೆ. ಅಕ್ಕನೂ ಹೇಳಿದಳು. ಅವರು ಟೈರಿನ ಮುಂದೆ ಕೂತು ಟಾರ್ಚು ಬಿಡುತ್ತಿದ್ದರೇ ಹೊರತು ಸ್ಟೇರಿಂಗ್ ಮುಟ್ಟಲಿಲ್ಲ. ಕಾಯಿಲೆಯ ಮನುಷ್ಯ ಒಳಗೆ ತಡೆದುಕೊಂಡು ಕೂತಿರುವಾಗ ಚಕ್ರದ ಲೋಹಕ್ಕೆ ಕೊಟ್ಟ ಆ ಮರ್ಯಾದೆಯನ್ನು ನಾನು ಮರೆಯುವುದಿಲ್ಲ.

ಕೆಳಗಿನಿಂದ ಒಂದು ಈಕೋ ಬಂತು. ಕೊಟ್ಟಿಗೆಹಾರದ ಕಡೆಯ ಹುಡುಗ, ತರಕಾರಿ ಇಳಿಸಿ ಖಾಲಿ ಕ್ರೇಟು ಹಾಕಿಕೊಂಡು ಹೊರಟಿದ್ದ. ಒಂದು ನೋಟಕ್ಕೇ ಅವನಿಗೆ ಎಲ್ಲ ಅರ್ಥವಾಯಿತು. "ಸಾರ್, ಮೊದ್ಲು ಗಾಡಿ ಈಚೆ ತಗೊಳ್ಳಿ, ಗೌಡ್ರನ್ನ ಇಳಿಸ್ಲಿಕ್ಕೆ ಜಾಗ ಬೇಕು" ಅಂದ. ಹೊರಗಿನವನ ಮಾತಿಗೆ ಭಾವ ಗಾಡಿ ಸರಿಸಿದರು.

ಬಾಗಿಲು ತೆರೆಯಿತು. ಆದರೆ ಆ ಹಳ್ಳದ ಸೀಟಿನಿಂದ ಏಳಬೇಕಾದರೆ ಮೈ ಮುಂದಕ್ಕೆ ಬಾಗಿಸಲೇಬೇಕು. ಫಿಸಿಯೋಥೆರಪಿಯ ಹುಡುಗಿ ಬೇಡವೆಂದದ್ದೂ ಅದನ್ನೇ. ಹುಡುಗ ಕಂಕುಳಿಗೆ ಕೈ ಕೊಟ್ಟ, ನಾನು ಕಾಲು ಹಿಡಿದೆ. ಅಪ್ಪ ಕೂಗಿದರು. ಅರವತ್ತು ಎಕರೆ ತೋಟದ ಆಳುಗಳನ್ನು ಗದರಿಸಿ ಬದುಕಿದ ಮನುಷ್ಯನ ಬಾಯಲ್ಲಿ ಆ ಕೂಗನ್ನು ನಾನು ಅದುವರೆಗೆ ಕೇಳಿರಲಿಲ್ಲ. ಕೀಲು ತಪ್ಪಿದರೆ ಕಾಲು ಗಿಡ್ಡವಾಗಿ ಪಾದ ಒಳಕ್ಕೆ ತಿರುಗುತ್ತದೆ ಎಂದು ಹೇಳಿದ್ದರು. ಮಳೆಯಲ್ಲಿ ಮಂಡಿಯೂರಿ ಫೋನಿನ ಬೆಳಕಲ್ಲಿ ಎರಡೂ ಪಾದ ಹೋಲಿಸಿ ನೋಡಿದೆ. ನನ್ನ ಕೈ ನಡುಗುತ್ತಿದ್ದುದರಿಂದ ಬೆಳಕೂ ನಡುಗಿ ಏನೂ ಸ್ಪಷ್ಟವಾಗಲಿಲ್ಲ. ಅಕ್ಕ ಫೋನು ಹಿಡಿದುಕೊಂಡಳು. ಎರಡೂ ಸಮ ಇದ್ದವು.

ಹುಡುಗ ವ್ಯಾನಿನ ಬಾಗಿಲನ್ನು ಪಕ್ಕಕ್ಕೆ ಎಳೆದ. ಅದು ಹೊರಗೆ ಚಾಚುವ ಬಾಗಿಲಲ್ಲ, ಗಾಡಿಯ ಮೈಗೆ ಅಂಟಿಕೊಂಡೇ ಸರಿಯುತ್ತದೆ. ಇಕ್ಕಟ್ಟಿನಲ್ಲೂ ಪೂರ್ತಿ ತೆರೆಯಿತು. ಕ್ರೇಟೊಂದನ್ನು ಬೋರಲು ಹಾಕಿ ಮೆಟ್ಟಿಲು ಮಾಡಿದ. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಹೇಳಿಕೊಟ್ಟದ್ದು ಅಪ್ಪನಿಗೇ ನೆನಪಿತ್ತು. ಒಂದು ಹೆಜ್ಜೆ, ಆಮೇಲೆ ಹಿಂದಕ್ಕೆ ಸರಿದು ಕೂತರು. ಮಂಡಿ ಸೊಂಟಕ್ಕಿಂತ ಕೆಳಗಿತ್ತು. ಮನೆಯವರೆಗೆ ಕುಲುಕಿತು, ನಿಜ. ಅಪ್ಪ ಒಮ್ಮೆಯೂ ನರಳಲಿಲ್ಲ. ಪೆಟ್ರೋಲಿಗೆಂದು ನಾನು ಕೊಡಹೋದ ದುಡ್ಡನ್ನೂ ಆ ಹುಡುಗ ತೆಗೆದುಕೊಳ್ಳಲಿಲ್ಲ.

ಇಷ್ಟಾದ ಮೇಲೂ ಭಾವ ಅದೇ ಸೆಡಾನನ್ನು ನಮಗೆ ಕೊಡಲು ಬಂದರು. ಹೊಸದು ಕೊಳ್ಳುತ್ತಿದ್ದರು. ಹೊಸ ಈಕೋದಷ್ಟೇ ಬೆಲೆಗೆ ಕೊಡುತ್ತೇನೆ, ತೋಟದ ಮನೆಯ ಮುಂದೆ ಇಂಥ ಗಾಡಿ ನಿಂತರೆ ಗೌರವ ಅಂದರು. ನನ್ನ ತಮ್ಮನೂ ಆಸೆಪಟ್ಟ. ನಾನು ಲೆಕ್ಕ ಕೇಳಿದೆ. ಮಹಾರಾಷ್ಟ್ರದ ನೋಂದಣಿಯ ಗಾಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಎನ್‌ಒಸಿ ತಂದು ಇಲ್ಲಿ ನೋಂದಾಯಿಸಬೇಕು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಇಲ್ಲಿ 20 ಲಕ್ಷ ಮೀರಿದ ಹೊಸ ಕಾರಿಗೆ ತೆರಿಗೆ 18%, ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ, ಆದರೂ ಮೂಲ ಬೆಲೆ ದೊಡ್ಡದಿದ್ದರೆ ಸಣ್ಣ ಮೊತ್ತವಾಗುವುದಿಲ್ಲ. ಎಷ್ಟಾಗುತ್ತದೆಂದು ಕೇಳಲು ಹೋದರೆ ಸಾರಿಗೆ ಕಚೇರಿಯ ಗುಮಾಸ್ತರು ಮುಖ ಎತ್ತದೆ "ಗಾಡಿ ತಗೊಂಡು ಬನ್ನಿ, ಆಮೇಲೆ ಹೇಳ್ತೀವಿ" ಅಂದರು. ಕೊಳ್ಳುವ ಮುಂಚೆ ಗೊತ್ತಾಗಬೇಕಾದ ಮೊತ್ತವನ್ನು ಕೊಂಡಮೇಲೆ ಹೇಳುತ್ತಾರಂತೆ!

ನಾನು ಈಕೋ ಬರೆಸಿದೆ. 2022ರ ನವೆಂಬರಿನಲ್ಲಿ ಹೊಸ ಎಂಜಿನ್ನಿನೊಂದಿಗೆ ಬಂದದ್ದು, 1197 ಸಿಸಿ. ಉದ್ದ 3675 ಮಿಲಿಮೀಟರ್, ಅಗಲ 1475, ಎತ್ತರ 1825. ನಮ್ಮ ತೋಟದ ಗೇಟಿನ ತಿರುವಿನಲ್ಲಿ ಐದು ಮೀಟರಿನ ಹತ್ತಿರ ಬರುವ ಸೆಡಾನು ಹಿಂದೆ ಮುಂದೆ ಮಾಡಿ ತಿರುಗಿದರೆ ಇದು ಒಂದೇ ಸಲಕ್ಕೆ ತಿರುಗುತ್ತದೆ. ಚಾಲಕನ ಸೀಟಿನ ಕೆಳಗೇ ಎಂಜಿನ್, ಬೇಸಗೆಯಲ್ಲಿ ಬಿಸಿ ತಾಗುತ್ತದೆ. ಗಾಳಿಗೆ ವಾಲುತ್ತದೆ. 2016ರಲ್ಲಿ ಗ್ಲೋಬಲ್ ಎನ್‌ಸಿಎಪಿ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಸೊನ್ನೆ ಸ್ಟಾರ್ ಬಂದದ್ದನ್ನು ಭಾವ ಪದೇಪದೇ ಎತ್ತುತ್ತಾರೆ. ಆ ಮಾತು ಸುಳ್ಳಲ್ಲ, ಹೆದ್ದಾರಿಯಲ್ಲಿ ದಿನಾ ನೂರರ ವೇಗದಲ್ಲಿ ಹೋಗುವವರು ಇದನ್ನು ಕೊಳ್ಳಬಾರದು. ನಮ್ಮದರಲ್ಲಿ ಎಬಿಎಸ್ ಇದೆ, ಮುಂದೆ ಎರಡು ಏರ್‌ಬ್ಯಾಗ್ ಇವೆ, ಘಾಟಿಯಲ್ಲಿ ನಲವತ್ತು ದಾಟುವುದೂ ಇಲ್ಲ. ಸ್ಟೆಪ್ನಿಯೂ ಇದೆ.

ಕೊಳ್ಳುವವರಿಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಮತ್ತು 1200 ಸಿಸಿ ಮೀರದ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 28ರಿಂದ 18%ಕ್ಕೆ ಇಳಿದಿದೆ. ದೊಡ್ಡ ಕಾರುಗಳಿಗೆ 40%. ದರಪಟ್ಟಿಯಲ್ಲಿ ಅದು ಕಾಣುತ್ತದೋ ನೋಡಿ. ವ್ಯಾನಿನ ನೆಲ ಸ್ವಲ್ಪ ಎತ್ತರ, ಆದ್ದರಿಂದ ಅಗಲವಾದ ಗಟ್ಟಿ ಮಣೆಯೊಂದನ್ನು ಬಡಗಿಯಿಂದ ಮಾಡಿಸಿ ಗಾಡಿಯಲ್ಲೇ ಇಡಿ, ಅಡಿಗೆ ರಬ್ಬರು ಹೊಡೆಸಿ. ಶೋರೂಮಿಗೆ ಹೋಗುವಾಗ ಗಾಡಿಯಲ್ಲಿ ಕೂರಬೇಕಾದ ಹಿರಿಯರನ್ನೇ ಕರೆದುಕೊಂಡು ಹೋಗಿ. ಅವರು ತಾವೇ ಹತ್ತಲಿ, ಕಾಲು ಗಂಟೆ ಕೂರಲಿ, ಯಾರ ಕೈಯೂ ಹಿಡಿಯದೆ ಇಳಿಯಲಿ. ಮಾರಾಟದ ಹುಡುಗ ಅವಸರ ಮಾಡಿದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಡಿ.