ಬದುವಿನ ಮರಗಳನ್ನು ಸರಪಳಿ ಗರಗಸದಿಂದ ಕೆಡಹುವ ಕ್ರಮ

ಬೀದರ ನಗರವು ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲದ ಮೇಲಿದ್ದರೆ, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಬಹುಭಾಗವು ಎರೆಭೂಮಿಯಾಗಿದೆ. ಅಲ್ಲಿನ ಬದುಗಳ ಮೇಲೆ ಜಾಲಿ, ಬೇವು ಮೊದಲಾದ ಮರಗಳಿರುವುವು. ಹಿಂದೆ ಕೊಡಲಿಯಿಂದ ಅರ್ಧ ದಿನ ಹಿಡಿಯುತ್ತಿದ್ದ ಕೆಲಸವನ್ನು ಈಗ ಯಂತ್ರದ ಸರಪಳಿ ಗರಗಸವು ಕೆಲವು ನಿಮಿಷಗಳಲ್ಲಿ ಮಾಡುವುದು. ಕೊಯ್ಯುವ ವೇಗವು ಹೆಚ್ಚಿತು. ಬೀಳುವ ಮರದಿಂದ ದೂರ ಸರಿಯಲು ದೊರೆಯುವ ಸಮಯವು ಮಾತ್ರ ಹೆಚ್ಚಲಿಲ್ಲ.

ಮರವು ಸ್ವಂತ ಹೊಲದಲ್ಲಿದ್ದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ವಿನಾಯಿತಿಯುಳ್ಳ ಕೆಲವು ಜಾತಿಗಳ ಹೊರತು, ವೃಕ್ಷಾಧಿಕಾರಿಯ ಅಪ್ಪಣೆಯು ಅವಶ್ಯಕವು. ತೊಗರಿಯ ಕಟಾವಾಗಿ ಹೊಲವು ಬರಿದಾದ ಮೇಲೆ ಕೆಲಸ ಹಿಡಿಯುವುದು ಉತ್ತಮ. ಮಳೆಗಾಲದ ಎರೆಯಲ್ಲಿ ಕಾಲು ಹೂತವನು ಓಡಲಾರನು.

ಮೊದಲು ಮರದ ವಾಲು, ಒಣಕೊಂಬೆಗಳು, ಸಮೀಪದ ವಿದ್ಯುತ್ ತಂತಿ ಇವುಗಳನ್ನು ನೋಡತಕ್ಕದ್ದು. ತಂತಿಗೆ ತಗಲುವಂತಿದ್ದರೆ ಜೆಸ್ಕಾಂ ಕಚೇರಿಗೆ ತಿಳಿಸಿ ಪ್ರವಾಹವನ್ನು ನಿಲ್ಲಿಸದೆ ಯಂತ್ರವನ್ನು ಮುಟ್ಟಕೂಡದು. ಕೊಡಲಿಯ ಹಿಂಬದಿಯಿಂದ ಬಡಿದಾಗ ಬೊಂಬು ಬಡಿದಂತೆ ಸದ್ದಾದರೆ ಒಳಗೆ ಪೊಳ್ಳಿದೆಯೆಂದು ತಿಳಿಯಬೇಕು. ಅಂಥ ಮರವನ್ನು ಹೊಸಬನ ಕೈಗೆ ಕೊಡಬಾರದು. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೊಯ್ಯುವವನ ಹೊರತು ಯಾರೂ ಇರಕೂಡದು. ಸೌದೆಗೆಂದು ಕಾದುನಿಂತ ಹೆಂಗಸರು ಮಕ್ಕಳನ್ನು ದೂರವಿಡುವುದು ಭೂಮಾಲಿಕನ ಹೊಣೆ. ಓಡುವ ದಾರಿಯನ್ನು ಬೀಳುವ ದಿಕ್ಕಿಗೆ ಹಿಂದೆ, ಓರೆಯಾಗಿ, ಎರಡು ಕಡೆಗೂ ಸವರಿಡಬೇಕು. ನೇರ ಹಿಂದಕ್ಕೆ ಓಡುವುದು ಅಪಾಯಕರ, ಏಕೆಂದರೆ ಬುಡವು ಆ ಕಡೆಗೇ ಹಾರುವುದುಂಟು.

ಕೊಯ್ಯುವ ಕ್ರಮದ ಸಾರವೆಲ್ಲ ಒಂದು ಕೀಲಿನಲ್ಲಿದೆ. 20 ಅಂಗುಲ ದಪ್ಪದ ಮರಕ್ಕೆ, ಬೀಳಬೇಕಾದ ಕಡೆಯಲ್ಲಿ 4 ಅಂಗುಲ ಆಳದ ಬಾಯಿಕಚ್ಚನ್ನು ತೆಗೆಯಬೇಕು. ಆಮೇಲೆ ಹಿಂದಿನಿಂದ, ಕಚ್ಚಿನ ತಳಕ್ಕಿಂತ ಒಂದೆರಡು ಅಂಗುಲ ಮೇಲೆ ಕೊಯ್ಯುತ್ತ ಬಂದು, ನಡುವೆ 2 ಅಂಗುಲ ಮರವನ್ನು ಉಳಿಸಬೇಕು. ಈ ಉಳಿದ ಪಟ್ಟಿಯೇ ಬಾಗಿಲಿನ ಕೀಲಿನಂತೆ ಮರವನ್ನು ಹಿಡಿದು ಗೊತ್ತಾದ ದಿಕ್ಕಿಗೆ ಬಾಗಿಸುವುದು. ಪೂರಾ ಕೊಯ್ದುಬಿಟ್ಟರೆ ಮರವು ಯಾರ ಮಾತನ್ನೂ ಕೇಳದು. ಕೊಯ್ತದೊಳಗೆ ಬೆಣೆ ಹೊಡೆಯುತ್ತ ಹೋದರೆ ಗರಗಸವು ಸಿಕ್ಕಿಕೊಳ್ಳದು.

ಬದುವಿನ ಜಾಲಿಯು ಹೊಲದ ಕಡೆಗೆ ಬಹಳ ವಾಲಿದ್ದರೆ ಈ ಕ್ರಮವೂ ಸಾಲದು. ಹಿಂಬದಿಯ ನಾರುಗಳು ಬಿಗಿದ ಹಗ್ಗದಂತಿರುವುದರಿಂದ, ಅರ್ಧ ಕೊಯ್ಯುವಷ್ಟರಲ್ಲಿ ಕಾಂಡವು ಉದ್ದಕ್ಕೆ ಸೀಳಿ ಮೇಲಕ್ಕೆದ್ದು ಕೊಯ್ಯುವವನ ಎದೆಗೆ ಬಡಿಯಬಹುದು. ಆದಕಾರಣ ಕೀಲಿನ ಹಿಂದೆ ಗರಗಸದ ಅಲಗನ್ನು ಕಾಂಡದೊಳಕ್ಕೆ ತೂರಿಸಿ ಹಿಂದಕ್ಕೆ ಕೊಯ್ದು, ಹಿಂಬದಿಯಲ್ಲಿ 2 ಅಂಗುಲದ ಪಟ್ಟಿಯನ್ನು ಬಿಟ್ಟು, ಕಡೆಗೆ ಅದನ್ನು ಹೊರಗಿನಿಂದ ಕಡಿಯಬೇಕು. ತೂರಿಸುವಾಗ ಅಲಗಿನ ತುದಿಯ ಕೆಳಭಾಗವನ್ನೇ ಮೊದಲು ತಾಗಿಸಬೇಕು; ಮೇಲ್ಭಾಗವು ತಾಗಿದರೆ ಯಂತ್ರವು ಮುಖದ ಕಡೆಗೆ ಎಗರುವುದು. ಇದು ನುರಿತವನ ಕೆಲಸ. ಅಂಥವನ ಕೂಲಿ ಹೆಚ್ಚೆಂದು ಚೌಕಾಸಿ ಮಾಡುವುದು ಜಾಣತನವಲ್ಲ.

ಧೋತರದ ಅಂಚು, ಹೆಗಲ ಮೇಲಿನ ವಸ್ತ್ರ ಇವು ಸರಪಳಿಗೆ ಸಿಕ್ಕುವುದರಿಂದ ಬಿಗಿಯಾದ ಉಡುಪು, ಶಿರಸ್ತ್ರಾಣ, ಕನ್ನಡಕ, ಗಟ್ಟಿ ಬೂಟು ಇರಲಿ. ಹೆಗಲಿಗಿಂತ ಎತ್ತರದಲ್ಲಿ ಯಂತ್ರ ಹಿಡಿಯಕೂಡದು. ಕಾದ ಯಂತ್ರಕ್ಕೆ ಪೆಟ್ರೋಲು ಹಾಕಕೂಡದು. ಬೀಡಿಯಂತೂ ಬೇಡವೇ ಬೇಡ.

ಮರವು ಪಕ್ಕದ ಮರಕ್ಕೆ ಒರಗಿ ನಿಂತರೆ ಅದರ ಕೆಳಗೆ ಹೋಗಲೂ ಬಾರದು, ಒರಗಿಸಿಕೊಂಡ ಮರವನ್ನು ಕಡಿಯಲೂ ಬಾರದು. ಬುಡಕ್ಕೆ ಉದ್ದವಾದ ಉಕ್ಕಿನ ಹಗ್ಗ ಕಟ್ಟಿ, ದೂರದಿಂದ ಟ್ರ್ಯಾಕ್ಟರಿನಿಂದ ಹಿಂದಕ್ಕೆಳೆಯಬೇಕು.